ತಲೆಯ ಕಡೆಯ ಹಗ್ಗ

ನಮ್ಮ ಕ್ರೇಗ್‌ಹೇವನ್‌ನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಎಷ್ಟು ಬೇಕಾದವನು ಅನ್ನುವುದು ಮದುವೆಯ ಊಟದಲ್ಲಿ ಗೊತ್ತಾಗುವುದಿಲ್ಲ, ಹೂಳುವಾಗ ಗೊತ್ತಾಗುತ್ತದೆ. ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವುದಕ್ಕೆ ಎಂಟು ಹಗ್ಗ. ಎಂಟಕ್ಕೂ ನಂಬರು. ತಲೆಯ ಕಡೆಯದು ಒಂದನೆಯದು, ಹಿರಿಮಗನಿದ್ದರೆ ಅವನದು. ಕಾಲಿನ ಕಡೆಯದು ಎರಡನೆಯದು. ಮಿಕ್ಕ ಆರು ಎರಡು ಪಕ್ಕಕ್ಕೆ, ನಂಟು ಎಷ್ಟು ಹತ್ತಿರವೋ ತಲೆಗೂ ಅಷ್ಟು ಹತ್ತಿರ. ಸತ್ತವರ ಮನೆಯಿಂದ ಎಂಟು ಜನ ಗಂಡಸರಿಗೆ ಕಪ್ಪಂಚಿನ ಚೀಟಿ ಹೋಗುತ್ತದೆ. ಅದರಲ್ಲಿ ಪೆಟ್ಟಿಗೆಯ ಪುಟ್ಟ ಚಿತ್ರ, ಸುತ್ತ ನಂಬರುಗಳು, ನಿಮ್ಮ ನಂಬರಿಗೆ ಒಂದು ಗುರುತು. ನಾಲ್ಕು ಬರುತ್ತದೆಂದು ನಂಬಿ ಕೂತವನಿಗೆ ಏಳು ಬಂದರೆ ಆ ಎರಡು ಮನೆಗಳಿಗೆ ಮೊಮ್ಮಕ್ಕಳ ಕಾಲದವರೆಗೂ ಹೋಗುಬರುವಿಕೆ ಇರುವುದಿಲ್ಲ.

ಆ ಚೀಟಿಗಳನ್ನು ಅಚ್ಚು ಹಾಕುವವನು ನಾನು. ಅದೇ ಯಂತ್ರದಲ್ಲಿ ಗಾಲ್ಫ್ ಆಡುವವರು ಏಟುಗಳನ್ನು ಬರೆದುಕೊಳ್ಳುವ ಕಾರ್ಡುಗಳನ್ನೂ ಹಾಕುತ್ತೇನೆ. ಊರಿನವರು ಆಡಲಿ, ಸಾಯಲಿ, ಒಂದು ಸಲ ನನ್ನ ಅಂಗಡಿಗೆ ಬಂದೇ ಹೋಗಬೇಕು.

ಎಫಿ ಟಾಶ್ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಆದ್ದರಿಂದ ವಾಟಿ ಗೌರ್ಲೆಯ ವಿಷಯವನ್ನು ಈಗ ಬರೆಯಬಹುದು.

ವಾಟಿಯನ್ನು ನಮ್ಮೂರ ಆಚೆ ಬಲ್ಲವರಿಲ್ಲ. ಎಫಿಯ ಗಂಡ ಗ್ಯಾವಿನ್ ಟಾಶ್‌ನನ್ನು ಗಾಲ್ಫ್ ಕೋಲು ಮುಟ್ಟಿದವರೆಲ್ಲ ಬಲ್ಲರು. ಮೂರು ಸಲ ಚಾಂಪಿಯನ್. ಅವನ ಹೆಸರಿನ ಕೋಲುಗಳುಂಟು, ಅವನು ನಿಲ್ಲುತ್ತಿದ್ದ ಹಾಗೆ ಎಡಗಾಲು ಮುಂದಿಟ್ಟು ನಿಲ್ಲುವ ವಕೀಲರೂ ಪಾದ್ರಿಗಳೂ ಉಂಟು, ನಮ್ಮ ಗಾಲ್ಫ್ ಬಯಲಿನ ಹನ್ನೆರಡನೆಯ ಕುಳಿಗೆ ಅವನದೇ ಹೆಸರು. ಬೇಸಿಗೆಯಲ್ಲಿ ಬರುವ ಜನ ಅವನ ಚಿತ್ರದ ಪೋಸ್ಟ್‌ಕಾರ್ಡು ಕೇಳುತ್ತಾರೆ. ಬದುಕಿದ್ದಾಗ ವಾರಕ್ಕೆ ಆರು ಹೋಗುತ್ತಿದ್ದವು, ಸತ್ತ ಮೇಲೆ ಅರವತ್ತು. ಬದುಕಿದ್ದವನು ಎದುರಿಗೇ ಓಡಾಡುತ್ತಿದ್ದರೆ ಚಿತ್ರಕ್ಕೆ ಯಾರು ಕಾಸು ಕೊಡುತ್ತಾರೆ?

ಇಬ್ಬರೂ ಒಂದೇ ಓಣಿಯವರು. ಗ್ಯಾವಿನ್‌ನ ಅಪ್ಪ ಕೋಲು ಮಾಡುವ ಬಡಗಿ. ವಾಟಿಯ ಅಪ್ಪ ಬಲೆ ಹೆಣೆಯುವವನು; ಹೊಗೆಮೀನು ತಿಂದೂ ತಿಂದೂ ಬಣ್ಣದಲ್ಲಿ ಅದರಂತೆಯೇ ಆಗಿದ್ದ. ಮಗನಿಗೆ ಅವನು ಕಲಿಸಿದ ಆಟದ ಪಾಠ ಒಂದೇ: "ಚೆಂಡು ಒಳಗೆ ಬಿದ್ದ ಸದ್ದು ಕೇಳೋವರೆಗೂ ಆಟ ಮುಗೀಲಿಲ್ಲ ಅಂತ ತಿಳ್ಕೊ. ಆಗಲೇ ಮುಗೀತು ಅಂತ ಬೆನ್ನು ತಿರುಗಿಸ್ದೋನು ಬಲೆ ಹೆಣೀತಾ ಇರ್ತಾನೆ." ವಾಟಿ ಒಂದು ಚೆಂಡನ್ನೂ ನೆಲದ ಮೇಲೆ ಬಿಟ್ಟು ಹೋದವನಲ್ಲ. ಕುಳಿಯ ಬಾಯಲ್ಲಿ ನಿಂತಿದ್ದರೂ ಹೋಗಿ ತಟ್ಟಿ ಒಳಗೆ ಬೀಳಿಸಿ, ಸದ್ದು ಕೇಳಿಯೇ ಹೊರಡುತ್ತಿದ್ದ.

ಗ್ಯಾವಿನ್ ಎತ್ತರದ ಆಳು. ನಿದ್ದೆಯಿಂದ ಎದ್ದು ಮೈ ಮುರಿದಂತೆ ಕೋಲು ಬೀಸುತ್ತಿದ್ದ. ಚೆಂಡು ಕಣ್ಣಿಗೆ ಕಾಣದಷ್ಟು ದೂರ. ವಾಟಿ ಕುಳ್ಳ, ಕೈ ಚಿಕ್ಕದು, ದೂರದ ಏಟು ಸಾಧಾರಣ. ಆದರೆ ಕುಳಿಯ ಸುತ್ತಲ ಹುಲ್ಲುಹಾಸಿನ ಮೇಲೆ ಅವನ ಚೆಂಡು ಹೇಳಿದ ಮಾತು ಕೇಳುತ್ತಿತ್ತು. ದೇವರು ಒಬ್ಬ ಆಟಗಾರನಿಗೆ ಬೇಕಾದಷ್ಟು ಸಾಮಾನು ತಂದು, ಅಂಗಿ ಎರಡಿವೆಯೆಂದು ಇಬ್ಬರಿಗೆ ಹಂಚಿದಂತಿತ್ತು. ಆದ್ದರಿಂದ ಜೋಡಿಯಾಟದಲ್ಲಿ ಅವರನ್ನು ಸೋಲಿಸುವವರಿರಲಿಲ್ಲ. ಜೋಡಿಯಾಟವೆಂದರೆ ಇಬ್ಬರಿಗೆ ಒಂದೇ ಚೆಂಡು; ಒಂದು ಏಟು ಅವನದು, ಮುಂದಿನದು ಇವನದು. ಸರದಿ ತಪ್ಪಿಸಿ ಮುಟ್ಟಿದರೆ ಆ ಕುಳಿ ಎದುರಾಳಿಗಳ ಪಾಲು.

ಸಾವಿರದ ಎಂಟುನೂರ ತೊಂಬತ್ತರ ಮೇ ತಿಂಗಳಲ್ಲಿ ಕೊಲ್ಲಿಯಾಚೆಯ ಊರಿನ ಅಣ್ಣತಮ್ಮಂದಿರ ಜೊತೆ ಎರಡು ದಿನದ ಪಂದ್ಯ ನಡೆಯಿತು. ನಮ್ಮ ಕ್ಲಬ್ಬಿನ ದೊಡ್ಡ ಮನುಷ್ಯರು ಮೊದಲೇ ಮಾತು ಕೊಟ್ಟಿದ್ದರು: ಗೆದ್ದರೆ ಬಯಲಿನ ಮೇಲ್ವಿಚಾರಕನ ಕೆಲಸ ಗ್ಯಾವಿನ್‌ಗೆ, ಜೊತೆಗೆ ಕಡಲ ಕಡೆಯ ಕಲ್ಲಿನ ಮನೆ. ಎಫಿ ಆಗಲೇ ಕಿಟಕಿಗೆ ಪರದೆ ಹೊಲಿದಿಟ್ಟಿದ್ದಳು. ಮಗಳು ಮೇಸಿಗೆ ಮೂರು ವರ್ಷ.

ಕೊನೆಯ ಕುಳಿಗೆ ಬಂದಾಗ ಎರಡು ಕಡೆಯೂ ಸಮ. ಎದುರಾಳಿಗಳು ಐದು ಏಟಿಗೆ ಮುಗಿಸಿದ್ದರು. ನಮ್ಮವರದು ಮೂರು ಆಗಿತ್ತು. ವಾಟಿ ನಾಲ್ಕನೆಯದನ್ನು ಇಪ್ಪತ್ತು ಅಡಿಯಿಂದ ಉರುಳಿಸಿದ. ಬಿದ್ದಿದ್ದರೆ ಅಲ್ಲಿಗೇ ಗೆಲುವು. ಚೆಂಡು ನೇರ ಹೋಗಿ ಕುಳಿಯ ಅಂಚಿನಲ್ಲಿ ಎರಡು ಬೆರಳು ದೂರಕ್ಕೆ ನಿಂತಿತು. ಜನ ಅಯ್ಯೋ ಅಂದರು. ಇನ್ನೂ ಏನೂ ಕೆಟ್ಟಿರಲಿಲ್ಲ. ಗ್ಯಾವಿನ್ ಬಂದು ಕಾಲಿನಲ್ಲಿ ತಳ್ಳಿದಂತೆ ತಟ್ಟಿದರೂ ಸಮ, ಆಟ ಮುಂದುವರಿಯುತ್ತಿತ್ತು. ಗ್ಯಾವಿನ್ ನಾಲ್ಕು ಹೆಜ್ಜೆ ಹಿಂದಿದ್ದ. ವಾಟಿ ತನ್ನನ್ನೇ ಬೈದುಕೊಳ್ಳುತ್ತ ಹೋದ, ಒಂದೇ ಕೈಯಲ್ಲಿ ಚೆಂಡನ್ನು ತಟ್ಟಿದ. ಚೆಂಡು ಒಳಗೆ ಬಿದ್ದ ಸದ್ದನ್ನು ಸಾವಿರ ಜನ ಕೇಳಿದರು.

ಕೊಲ್ಲಿಯಾಚೆಯ ಅಣ್ಣ ಪೈಪಿಗೆ ಹೊಗೆಸೊಪ್ಪು ತುಂಬುತ್ತಿದ್ದವನು ತಲೆ ಎತ್ತಿದ.

"ವಾಟಿ," ಅಂದ ಮೆಲ್ಲಗೆ, "ಅದು ನಿಂದಲ್ವಲ್ಲೋ."

ವಾಟಿ ತನ್ನ ಕೈಯಲ್ಲಿದ್ದ ಕೋಲನ್ನು ನೋಡಿದ. ಅದು ಬೇರೆ ಯಾರೋ ಕೊಟ್ಟು ಹೋದದ್ದು ಅನ್ನುವ ಹಾಗೆ ನೋಡಿದ. ಗ್ಯಾವಿನ್ ಬಂದು ಬಗ್ಗಿ ಕುಳಿಯೊಳಗಿನ ಚೆಂಡು ತೆಗೆದು ಜೇಬಿಗೆ ಹಾಕಿಕೊಂಡು ಹೊರಟುಹೋದ. ಬೈಯಲಿಲ್ಲ. ಬೈದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು.

ಬಹಳ ವರ್ಷಗಳ ಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಗ್ಯಾವಿನ್ ಹೇಳಿದ್ದು: "ಅವನೇ ಬರ್ತಾನೆ ಅಂತ ಕಾದೆ ಕಣೋ. ತಪ್ಪು ಅವನ್ದಲ್ವಾ?" ವಾಟಿ ಹೇಳಿದ್ದು: "ಹೋದ್ರೆ ಹಲ್ಲು ಉದುರಿಸ್ತಾನೆ ಅಂತ ಮೊದಲ್ನೇ ವಾರ ಹೋಗ್ಲಿಲ್ಲ. ಮೊದಲ್ನೇ ವಾರ ಯಾಕೆ ಬರ್ಲಿಲ್ಲ ಅಂತ ಕೇಳ್ತಾನಲ್ಲ ಅಂತ ಎರಡನೇ ವಾರ ಹೋಗ್ಲಿಲ್ಲ."

ಮೂರನೆಯ ವಾರ ಹೋಗಿ ಕಾಣಲು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಕೆಲಸ ಬೇರೆಯವನಿಗೆ ಹೋಯಿತು. ಗ್ಯಾವಿನ್ ಹೆಂಡತಿ ಮಗಳನ್ನು ಕರೆದುಕೊಂಡು ದಕ್ಷಿಣದ ಒಂದು ಗಿರಣಿ ಪಟ್ಟಣದ ಕ್ಲಬ್ಬಿಗೆ ಹೋದ. ಅಲ್ಲಿ ಬಟ್ಟೆ ಒಣಗಿಸಿದರೆ ಮಸಿ ಹಿಡಿಯುತ್ತದೆ, ಮಕ್ಕಳ ಎದೆಗೂ ಹಿಡಿಯುತ್ತದೆ. ಎರಡನೆಯ ಚಳಿಗಾಲದಲ್ಲಿ ಮೇಸಿಗೆ ಗಂಟಲುಬೇನೆ ಬಂತು, ಐದು ದಿನದಲ್ಲಿ ಹೋದಳು. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಗ್ಯಾವಿನ್ ಮೊದಲ ಸಲ ಚಾಂಪಿಯನ್ ಆದ. ಕಪ್ಪು ಪಟ್ಟಿ ಕಟ್ಟಿದ ತೋಳಿನಲ್ಲಿ ಕಪ್ ಹಿಡಿದುಕೊಂಡಿದ್ದ ಆ ಚಿತ್ರವೇ ನನ್ನ ಪೋಸ್ಟ್‌ಕಾರ್ಡುಗಳಲ್ಲಿ ಹೆಚ್ಚು ಖರ್ಚಾಗುವುದು. ಪಟ್ಟಿ ಯಾಕೆಂದು ಕೊಳ್ಳುವವರು ಕೇಳುವುದಿಲ್ಲ.

ಹದಿನೈದು ವರ್ಷದ ಮೇಲೆ, ಈಗ ಅವನು ದೊಡ್ಡವನಾದ್ದರಿಂದ, ನಮ್ಮ ಕ್ಲಬ್ಬಿನವರೇ ಕರೆದು ಆ ಕೆಲಸವನ್ನೂ ಆ ಕಲ್ಲಿನ ಮನೆಯನ್ನೂ ಕೊಟ್ಟರು. ಬಂದ ಮೊದಲ ಶನಿವಾರ ಬೇಕರಿಯಲ್ಲಿ ಎಫಿಗೆ ವಾಟಿ ಎದುರಾದ. ಅವನು ಟೋಪಿ ತೆಗೆದ. ಅವಳು ಬಲಗೈಯ ಎರಡು ಬೆರಳು ಜೋಡಿಸಿ ಅವನ ಮುಖದ ಮುಂದೆ ಹಿಡಿದಳು.

"ಇಷ್ಟು, ವಾಟಿ," ಅಂದಳು. "ಇಷ್ಟೇ ಇತ್ತು."

ರೊಟ್ಟಿ ತೆಗೆದುಕೊಂಡು ಹೋದಳು. ಸಾಯುವವರೆಗೂ ಅವನೊಡನೆ ಅವಳಾಡಿದ ಮಾತು ಅದೊಂದೇ.

ವಾಟಿ ಆ ಪಂದ್ಯದ ಮೇಲೆ ಜೋಡಿಯಾಟ ಆಡಲಿಲ್ಲ. ಮದುವೆಯೂ ಆಗಲಿಲ್ಲ, ಅದೂ ಒಂದು ಜೋಡಿಯಾಟ, ಅಲ್ಲಿಯೂ ಸರದಿ ತಪ್ಪಿದರೆ ಕಷ್ಟ ಎಂದು ಹೇಳಿ ನಗಿಸುತ್ತಿದ್ದ. ಬಯಲಿನಲ್ಲೇ ಕೂಲಿಗೆ ಸೇರಿ, ಕಬ್ಬಿಣದ ಕೊಳವೆಯಿಂದ ಹುಲ್ಲುಹಾಸಿನಲ್ಲಿ ಕುಳಿ ಕೊರೆಯುವ ಕೆಲಸ ಹಿಡಿದ. ಒಂದೇ ಕಡೆ ಇದ್ದರೆ ಕುಳಿಯ ಅಂಚು ಸವೆಯುತ್ತದೆ, ತುಳಿದು ಹುಲ್ಲು ಸಾಯುತ್ತದೆ; ಆದ್ದರಿಂದ ಎರಡು ಮೂರು ದಿನಕ್ಕೊಮ್ಮೆ ಹಳೆಯದನ್ನು ಮುಚ್ಚಿ ಬೇರೆ ಕಡೆ ಕೊರೆಯಬೇಕು. ಎಲ್ಲಿ ಎಂದು ಹೇಳುವವನು ಮೇಲ್ವಿಚಾರಕ. ಈಗ ಆ ಮೇಲ್ವಿಚಾರಕ ಗ್ಯಾವಿನ್.

ಕೆಲಸದಿಂದ ತೆಗೆಯುತ್ತಾನೆ ಎಂದು ಊರು ಕಾದಿತ್ತು. ಗ್ಯಾವಿನ್ ತೆಗೆಯಲಿಲ್ಲ. ಮಾತೂ ಆಡಲಿಲ್ಲ. ಸಂಜೆ ಹೊತ್ತು ಒಬ್ಬನೇ ಬಯಲು ಸುತ್ತಿ, ಹದಿನೆಂಟು ಕಡೆಯೂ ಕೈಕೋಲಿನ ತುದಿಯಿಂದ ನೆಲಕ್ಕೆ ಒಂದು ಚುಚ್ಚು ಹಾಕಿ ಹೋಗುತ್ತಿದ್ದ. ಬೆಳಿಗ್ಗೆ ವಾಟಿ ಬಂದು ಆ ಚುಚ್ಚು ಹುಡುಕಿ ಅಲ್ಲಿ ಕೊರೆಯುತ್ತಿದ್ದ. ಏಳು ವರ್ಷ ಹೀಗೆ ನಡೆಯಿತು.

ಮೊದಮೊದಲು ಅದು ಬರೀ ಅಪ್ಪಣೆ. ಆಮೇಲೆ ವಾಟಿ ಒಂದು ದಿನ ಏಳನೆಯದನ್ನು ಚುಚ್ಚಿನಿಂದ ಒಂದು ಗೇಣು ಎಡಕ್ಕೆ ಕೊರೆದ. ಅಲ್ಲಿ ಇಳಿಜಾರು, ಚೆಂಡು ನಿಲ್ಲುವುದಿಲ್ಲ. ಮಾರನೆಯ ಸಂಜೆ ಗ್ಯಾವಿನ್ ಎಂಟನೆಯದರಲ್ಲಿ, ಮರಳುಗುಂಡಿಯ ಅಂಚಿನಲ್ಲಿ, ಬುದ್ಧಿ ನೆಟ್ಟಗಿದ್ದವರು ಹಾಕದ ಜಾಗದಲ್ಲಿ ಚುಚ್ಚಿ ಹೋದ. ವಾಟಿ ಕೂದಲೆಳೆಯಷ್ಟೂ ಆಚೀಚೆ ಮಾಡದೆ ಅಲ್ಲೇ ಕೊರೆದ. ಅವತ್ತು ಕ್ಲಬ್ಬಿನ ದೊಡ್ಡ ಮನುಷ್ಯರೆಲ್ಲ ಮರಳಿನಲ್ಲಿ ಮಂಡಿಯೂರಿದರು. ಗ್ಯಾವಿನ್ ನನ್ನ ಅಂಗಡಿಗೆ ಬಂದು ಮುಸಿಮುಸಿ ನಕ್ಕು ಹೋದ. ಹತ್ತು ನಿಮಿಷ ಬಿಟ್ಟು ವಾಟಿ ಬಂದು ಅದಕ್ಕೇ ನಕ್ಕು ಹೋದ. ಇಬ್ಬರನ್ನೂ ಒಂದೇ ಹೊತ್ತಿಗೆ ನಗಿಸುವುದು ಮಾತ್ರ ನನ್ನಿಂದ ಆಗಲಿಲ್ಲ.

ಸಾವಿರದ ಒಂಬೈನೂರ ಹನ್ನೆರಡರ ಜನವರಿಯಲ್ಲಿ ಗ್ಯಾವಿನ್ ಎದೆನೋವಿನಿಂದ ಮಲಗಿದ. ಚುಚ್ಚು ಬರುವುದು ನಿಂತಿತು. ಹನ್ನೊಂದು ದಿನ ಕುಳಿಗಳು ಇದ್ದಲ್ಲೇ ಇದ್ದವು, ಅಂಚೆಲ್ಲ ಮುಕ್ಕಾದವು. ಕ್ಲಬ್ಬಿನ ಕ್ಯಾಪ್ಟನ್ ಸಾಹೇಬ ಬಂದು ವಾಟಿಯ ಮುಂದೆ ನಿಂತ.

"ಏನಯ್ಯ ಇದು? ಕುಳಿ ಯಾಕೆ ಬದಲಾಯಿಸಿಲ್ಲ?"

"ಗುರುತು ಬಂದಿಲ್ಲ ಸಾಹೇಬ್ರೆ."

"ಮೂವತ್ತು ವರ್ಷದಿಂದ ಈ ಬಯಲಲ್ಲಿದ್ದೀಯ. ನೀನೇ ಎಲ್ಲಾದ್ರೂ ಹಾಕಬಾರ್ದಾ?"

"ನಾನೇ ಹಾಕಿ ಏನಾಯ್ತು ಅನ್ನೋದು ತಮಗೂ ಗೊತ್ತಲ್ಲ."

ಈ ಮಾತನ್ನು ನಾನು ಗ್ಯಾವಿನ್‌ಗೆ ಹೇಳಿದೆ. ಪತ್ರಿಕೆ ಕೊಡುವ ನೆಪದಲ್ಲಿ ದಿನಾ ಹೋಗುತ್ತಿದ್ದೆ. ಅವನು ಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ. ಮಾರನೆಯ ದಿನ, ಎಫಿ ಒಲೆಯ ಮೇಲಿನ ಸಾರು ನೋಡಲು ಹೋದಾಗ, ದಿಂಬಿನಡಿಯಿಂದ ನನ್ನದೇ ಅಂಗಡಿಯ ಆಟದ ಕಾರ್ಡೊಂದನ್ನು ತೆಗೆದುಕೊಟ್ಟ. ಹಿಂಬದಿಯಲ್ಲಿ ಹದಿನೆಂಟು ಸುತ್ತುಗೆರೆಗಳು, ಒಂದೊಂದರಲ್ಲಿ ಒಂದು ಕತ್ತರಿ ಗುರುತು. ಅಕ್ಷರ ಒಂದೂ ಇಲ್ಲ. ಅದನ್ನು ವಾಟಿಗೆ ಕೊಟ್ಟೆ. ಅವನು ಓದುಬರಹ ಬಾರದವನು ಕಾಗದ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿ, ಕೋಟಿನ ಒಳಜೇಬಿಗೆ ಸೇರಿಸಿದ. ಎಂಟು ವಾರ ಹೀಗೆ ನಾನು ಕಾರ್ಡು ಹೊತ್ತೆ.

ಮಾರ್ಚ್‌ನಲ್ಲಿ ಬಿಸಿಲಿದ್ದ ಒಂದು ದಿನ ಗ್ಯಾವಿನ್ ಕೋಲೂರಿಕೊಂಡು ಅಂಗಡಿಗೇ ಬಂದ. ಬಂದು ಕೂತು ಉಸಿರು ಹಿಡಿಯಲು ಒಂದಿಷ್ಟು ಹೊತ್ತು ಬೇಕಾಯಿತು.

"ಈಬೆನ್, ಹಗ್ಗದ ಚೀಟಿಗೆ ಈಗ ಎಷ್ಟು ತಗೋತೀಯ?"

"ಯಾರಿಗೆ?"

"ನಂಗೇ."

"ಎಂಟಕ್ಕೆ ಮೂರು ಶಿಲಿಂಗು. ಅವಸರ ಇದ್ರೆ ನಾಲ್ಕು."

"ಲೋ ಕಳ್ಳ, ಮೂರು ಸಲ ಚಾಂಪಿಯನ್ ಆದೋನಿಗೂ ಅಷ್ಟೇನಾ?"

"ಚಾಂಪಿಯನ್‌ಗೆ ಕಾಗದ ಸ್ವಲ್ಪ ದಪ್ಪ ಹಾಕ್ತೀನಿ, ಅದೇ ಬೆಲೆಗೆ."

ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅಂದ: "ತಲೆ ಕಡೇದು ವಾಟಿಗೆ. ಮಿಕ್ಕಿದ್ದು ಎಫಿ ಯಾರಿಗಾದ್ರೂ ಕೊಟ್ಕೊಳ್ಲಿ."

ನಾನು ಕೈಯಲ್ಲಿದ್ದ ಅಚ್ಚಿನ ಮೊಳೆ ಕೆಳಗಿಟ್ಟೆ. "ಎಫಿಗೆ ಹೇಳಿದ್ದೀಯಾ?"

"ಹೇಳೋಕಾಗಲ್ಲ ಕಣೋ. ವಾಟಿ ಅಂತ ಶುರು ಮಾಡಿದ್ರೆ ಮೇಸಿಗೆ ಹೋಗಿ ನಿಲ್ಲುತ್ತೆ. ನನ್ನ ಎದೇಲಿ ಈಗ ಅಷ್ಟು ದೂರ ಹೋಗೋ ಶಕ್ತಿ ಇಲ್ಲ. ನಾನು ಹೋದ್ಮೇಲೆ ಪಟ್ಟಿ ಹಿಡ್ಕೊಂಡು ನಿನ್ನ ಹತ್ರಾನೇ ಬರ್ತಾಳೆ. ಆಗ ಹೇಳು. ಸತ್ತೋನ ಮಾತು ಅಂದ್ರೆ ತೆಗೆದುಹಾಕೋಳಲ್ಲ ಅವಳು."

"ವಾಟಿಗೆ ನೀನೇ ಒಂದು ಮಾತು ಹೇಳ್ಬಿಡು. ಅಲ್ನೋಡು, ಮರಳು ತಳ್ಳೋ ಗಾಡಿ ಹಿಡ್ಕೊಂಡು ನಿಂತಿದಾನೆ. ಕೂಗಿದ್ರೆ ಕೇಳುತ್ತೆ."

ಗ್ಯಾವಿನ್ ಕಿಟಕಿಯ ಕಡೆ ತಿರುಗಿ ನೋಡಿದ. ಬಹಳ ಹೊತ್ತು ನೋಡಿದ.

"ಬೆನ್ನು ಬಗ್ಗಿದೆ ಅವಂದು," ಅಂದ. ಎದ್ದು ಮನೆಗೆ ಹೋದ.

ನಾನು ಆ ಮಾತನ್ನು ಬರೆದಿಟ್ಟುಕೊಳ್ಳಲಿಲ್ಲ. ಮರೆಯುವಂಥ ಮಾತಲ್ಲ ಅನ್ನಿಸಿತು. ಮರೆಯಲೂ ಇಲ್ಲ.

ಏಪ್ರಿಲ್ ಎರಡನೆಯ ಮಂಗಳವಾರ ಮಧ್ಯಾಹ್ನ ಗ್ಯಾವಿನ್ ಹೋದ. ಬುಧವಾರ ಬೆಳಿಗ್ಗೆ ಎಫಿ ಅಂಗಡಿಗೆ ಬಂದಳು. ಕರಿಯ ಬಟ್ಟೆ, ಮುಖ ಒಣಗಿದ ಹಲಗೆ. ಮಡಚಿದ ಹಾಳೆಯೊಂದನ್ನು ಬಿಡಿಸಿ ಮುಂದಿಟ್ಟಳು. ಒಂದನೆಯದು ನಾರ್ಮನ್‌ಗೆ, ಡಂಡೀಯಲ್ಲಿ ಸೆಣಬಿನ ವ್ಯಾಪಾರ ಮಾಡುವ ಗ್ಯಾವಿನ್‌ನ ಅಕ್ಕನ ಮಗ, ಮಾವನನ್ನು ನಾಲ್ಕು ಸಲ ನೋಡಿದವನು. ಎರಡನೆಯದು ಕ್ಯಾಪ್ಟನ್ ಸಾಹೇಬರಿಗೆ. ಬದುಕಿದ್ದಾಗ ಗ್ಯಾವಿನ್‌ನನ್ನು ಕ್ಲಬ್ಬಿನ ಮುಂಬಾಗಿಲಿನಿಂದ ಒಳಗೆ ಬಿಟ್ಟವರಲ್ಲ ಇವರು. ಅಲ್ಲಿ ಆಡಿ ಬದುಕುವವರಿಗೆ ಹಿಂಬಾಗಿಲು. ಆರನೆಯದು ನನಗೆ. ಎಂಟರಲ್ಲೂ ವಾಟಿಯ ಹೆಸರಿರಲಿಲ್ಲ.

"ಎಫಿ," ಅಂದೆ, "ಇನ್ನೊಂದು ಸಲ ಯೋಚನೆ ಮಾಡ್ತೀಯಾ?"

"ಯೋಚನೆ ಮಾಡಿಯೇ ಬರ್ದಿದ್ದು." ಹಾಳೆಯ ಮೂಲೆ ಸರಿಮಾಡಿದಳು. "ಮೇಸಿನ ಇಳಿಸೋವಾಗ ಅಲ್ಲಿ ನಮ್ಮೋರು ಅಂತ ಒಬ್ರಿರ್ಲಿಲ್ಲ ಈಬೆನ್. ಆ ಕಡೆಯೋರಿಗೆ ಹಗ್ಗದ ಪದ್ಧತೀನೇ ಗೊತ್ತಿಲ್ಲ. ಗುಂಡಿ ತೋಡೋ ಕೂಲಿಯೋರು ಇಬ್ರು ಹಿಡಿದು ಇಳ್ಸಿದ್ರು. ಒಬ್ಬ ಬಾಯಲ್ಲಿ ಪೈಪು ಕಚ್ಚಿದ್ದ. ಗ್ಯಾವಿನ್ ಮಂಕು ಹಿಡಿದೋನ ಹಾಗೆ ನಿಂತಿದ್ದ. ನಾನು ಹೆಂಗಸು, ಹೂಳೋ ಜಾಗಕ್ಕೆ ಹೋಗೋ ಹಾಗಿಲ್ಲ, ಮನೇಲಿ ಕಿಟಕಿ ಹತ್ರ ಕೂತಿದ್ದೆ, ಬಂದು ಹೇಳಿದ್ರು." ಹಾಳೆಯಿಂದ ತಲೆ ಎತ್ತಿ ಕೇಳಿದಳು: "ಗ್ಯಾವಿನ್ ನಿನ್ನ ಹತ್ರ ಏನಾದ್ರೂ ಹೇಳಿದ್ನಾ? ಹಗ್ಗದ ವಿಷಯ?"

ನೇರ ಕೇಳಿದಳು, ಕಣ್ಣಿಗೆ ಕಣ್ಣಿಟ್ಟು. ನಲವತ್ತು ವರ್ಷ ವ್ಯಾಪಾರ ಮಾಡಿದವನು ನಾನು. ಎದುರಿನವರಿಗೆ ಯಾವ ಉತ್ತರ ಬೇಕು ಅನ್ನುವುದು ಅವರು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗುತ್ತದೆ.

"ಇಲ್ಲ," ಅಂದೆ.

ಅವಳ ಹೆಗಲು ಸಡಿಲವಾಯಿತು. "ಹಾಗಾದ್ರೆ ಸರಿ," ಎಂದು ಹೊರಟಳು. ನಾನು ದಪ್ಪ ಕಾಗದ ತೆಗೆದು ಅವಳ ಪಟ್ಟಿಯಂತೆ ಎಂಟು ಚೀಟಿ ಅಚ್ಚು ಹಾಕಿದೆ.

ಗುರುವಾರ ವಾಟಿ ಅಂಗಡಿಗೆ ಬಂದ. ಸೀಸದಕಡ್ಡಿ ಒಂದು ಬೇಕೆಂದ. ಕೊಟ್ಟೆ. ಬಾಗಿಲವರೆಗೆ ಹೋಗಿ ತಿರುಗಿ ಬಂದು ದಾರದುಂಡೆ ಕೇಳಿದ. ಕೊಟ್ಟೆ. ಆಮೇಲೆ ಶಾಯಿ.

"ಶಾಯಿ ಯಾಕೋ ನಿಂಗೆ? ಸೀಸದಕಡ್ಡಿ ತಗೊಂಡ್ಯಲ್ಲ?"

"ಇರ್ಲಿ ಅಂತ." ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಅಂಚೆಯೋನು ನಮ್ಮ ಓಣಿಗೆ ಬರೋದು ಒಂದೇ ಹೊತ್ತಾ, ಎರಡು ಹೊತ್ತಾ?"

"ಎರಡು."

"ಹಾಗಾದ್ರೆ ಸಂಜೆ ಒಂದು ಸಲ ಬರ್ತಾನೆ," ಎಂದು ತನಗೇ ಹೇಳಿಕೊಂಡ. ಕೋಟಿನ ಸಂದಿಯಲ್ಲಿ ಹೊಸ ಕರಿಯ ಟೈ ಕಂಡಿತು. ಎದುರಿನ ಬಟ್ಟೆ ಅಂಗಡಿಯವನು ಆಮೇಲೆ ಹೇಳಿದ, ಬೂಟಿಗೂ ಹೊಸ ಲಾಡಿ ಕೊಂಡಿದ್ದನಂತೆ. ಸಂಜೆಯ ಅಂಚೆಯಲ್ಲಿ ಏನೂ ಬರಲಿಲ್ಲ. ಶುಕ್ರವಾರ ಎರಡು ಹೊತ್ತೂ ಬರಲಿಲ್ಲ. ಶುಕ್ರವಾರ ಅವನು ಅಂಗಡಿಗೂ ಬರಲಿಲ್ಲ.

ಶನಿವಾರ ಹೂಳುವುದು. ಬಯಲಿನಲ್ಲಿ ಆಟವಿಲ್ಲ. ಹೆಂಗಸರು ಮನೆಯಲ್ಲಿ ಹಂದಿಮಾಂಸ ಕೊಯ್ಯುತ್ತ, ವಿಸ್ಕಿ ಲೋಟ ಒರೆಸುತ್ತ ಉಳಿದರು. ಗಂಡಸರು ಮೆರವಣಿಗೆ ಹೋದೆವು. ಪತ್ರಿಕೆಯವರು ಮೂರು ಜನ, ಇಬ್ಬರು ಮಾಜಿ ಚಾಂಪಿಯನ್‌ಗಳು, ಕೊಲ್ಲಿಯಾಚೆಯ ಆ ಅಣ್ಣತಮ್ಮಂದಿರು. ವಾಟಿ ಎಲ್ಲರ ಹಿಂದೆ ಬಂದು ಚರ್ಚಿನ ಗೋಡೆಯ ಪಕ್ಕ ನಿಂತ.

ಪಾದ್ರಿಯ ಪ್ರಾರ್ಥನೆ ಮುಗಿದು, ನಂಬರು ಕೂಗಿದರು. ಒಬ್ಬೊಬ್ಬರೇ ಮುಂದೆ ಹೋದೆವು. ಆರು ಎಂದು ಕೂಗಿದಾಗ ಹಗ್ಗ ನನ್ನ ಕೈಗೆ ಬಂತು. ಗೋಡೆಯ ಕಡೆ ನೋಡಿದೆ. ಒಂದು ಹೆಜ್ಜೆ ಹಿಂದೆ ಸರಿದು ವಾಟಿಯನ್ನು ಕೈಮಾಡಿ ಕರೆದೆ. ಒಂದನೆಯದನ್ನು ಕೊಡಿಸುವ ಧೈರ್ಯ ಆಗದವನು ಆರನೆಯದನ್ನು ದಾನ ಮಾಡಲು ಹೊರಟಿದ್ದೆ. ಎಲ್ಲರೂ ತಿರುಗಿ ನೋಡಿದರು. ವಾಟಿ ಬಂದ. ಹಗ್ಗವನ್ನೂ ನನ್ನನ್ನೂ ನೋಡಿದ.

"ಯಾರದಿದು?"

"ನಂದು. ತಗೋ."

"ನಿನ್ನ ಹೆಸರಿಗೆ ಬಂದಿರೋದು. ನೀನೇ ಹಿಡಿ," ಎಂದು ಗೋಡೆಯ ಹತ್ತಿರಕ್ಕೆ ವಾಪಸು ಹೋದ.

ಇಳಿಸಲು ಶುರುಮಾಡಿದೆವು. ನಾರ್ಮನ್‌ನ ಕೈಗಳು ಪಟ್ಟಣದ ಕೈಗಳು. ಹಗ್ಗ ಜಾರಿತು, ತಲೆಯ ಕಡೆ ದಡಕ್ಕನೆ ಕೆಳಗಾಗಿ ಪೆಟ್ಟಿಗೆ ವಾಲಿತು. ಕ್ಯಾಪ್ಟನ್ ಸಾಹೇಬ ಅಯ್ಯಯ್ಯೋ ಅಂದ. ಆಗ ಗೋಡೆಯ ಕಡೆಯಿಂದ ಧ್ವನಿ ಬಂತು, ಬಯಲಿನ ಗಾಳಿಯಲ್ಲಿ ಕೂಗಿ ಅಭ್ಯಾಸವಾದ ಧ್ವನಿ:

"ತಲೆ ಕಡೆ ತಡಿ! ಕೈಗೆ ಒಂದು ಸುತ್ತು ಹಾಕ್ಕೊಳಯ್ಯ. ಹ್ಞಾ. ಈಗ ಬಿಡು, ಸ್ವಲ್ಪ ಸ್ವಲ್ಪ. ಕಾಲ್ಕಡೆಯೋರು ಕಾಯ್ರಿ. ಇನ್ನೂ. ಇನ್ನೂ ಸ್ವಲ್ಪ. ಅವನಿಗೆ ಏಟಾಗ್ಬಾರ್ದು."

ಅವನು ಹೇಳಿದ ಹಾಗೆಯೇ ಎಂಟು ಜನ ಇಳಿಸಿದೆವು. ಪೆಟ್ಟಿಗೆ ಸದ್ದಿಲ್ಲದೆ ತಳ ಮುಟ್ಟಿತು. ಹಗ್ಗಗಳನ್ನು ಒಳಗೆ ಬಿಟ್ಟು ತಲೆ ಎತ್ತುವಷ್ಟರಲ್ಲಿ ಗೋಡೆಯ ಪಕ್ಕ ಯಾರೂ ಇರಲಿಲ್ಲ.

ಒಂಬತ್ತು ದಿನ ತಡೆದೆ. ಹತ್ತನೆಯ ದಿನ ಬೆಳಿಗ್ಗೆ ಬಯಲಿನ ಸಾಮಾನಿನ ಕೊಟ್ಟಿಗೆಗೆ ಹೋದೆ. ವಾಟಿ ಕೊಳವೆಯ ಬಾಯನ್ನು ಅರದಿಂದ ಮಸೆಯುತ್ತಿದ್ದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಗ್ಯಾವಿನ್ ಬಂದದ್ದು, ಕೇಳಿದ್ದು, ನಾನು ಎಫಿಗೆ ಇಲ್ಲ ಅಂದದ್ದು.

ಅರ ನಿಂತಿತು.

"ಅವನು ಹೇಳಿದ್ದು ಹ್ಯಾಗೆ? ಹೇಳಿದ ಹಾಗೇ ಹೇಳು."

"'ತಲೆ ಕಡೇದು ವಾಟಿಗೆ' ಅಂದ."

"ವಾಟಿಗೆ ಅಂದ್ನಾ, ಗೌರ್ಲೆಗೆ ಅಂದ್ನಾ?"

"ವಾಟಿಗೆ ಅಂದ."

"ನಗ್ತಾ ಅಂದ್ನಾ?"

"ಅದಕ್ಕೆ ಮುಂಚೆ ನಗ್ತಿದ್ದ. ಇದನ್ನ ಅನ್ನೋವಾಗ ನಗ್ಲಿಲ್ಲ. ಆಮೇಲೆ ಕಿಟಕೀಲಿ ನಿನ್ನ ನೋಡಿ, ಬೆನ್ನು ಬಗ್ಗಿದೆ ಅಂದ."

ವಾಟಿ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದ. ತಾನು ಮಾಡಿದ್ದು ಅವನಿಗೆ ಗೊತ್ತಾದಂತಿರಲಿಲ್ಲ.

"ಇನ್ನೊಂದು ಸಲ ಹೇಳು."

ಇನ್ನೊಂದು ಸಲ ಹೇಳಿದೆ. ಅವನ ಕಣ್ಣು ಒದ್ದೆಯಾಗಲಿಲ್ಲ. ಮೂಗು ಮಾತ್ರ ಒರೆಸಿಕೊಂಡ.

"ಎಫಿಗೆ ಹೋಗಿ ಹೇಳ್ತೀನಿ ವಾಟಿ," ಅಂದೆ. "ಇವತ್ತೇ ಹೋಗ್ತೀನಿ."

"ಬೇಡ." ಅರವನ್ನು ಮತ್ತೆ ಕೈಗೆತ್ತಿಕೊಂಡ. "ಗಂಡನ ಕೊನೇ ಮಾತು ನಡೆಸ್ಲಿಲ್ಲ ಅಂತ ಗೊತ್ತಾದ್ರೆ ಆ ಹೆಂಗಸು ಇನ್ನು ಮಲ್ಗೋದು ಹ್ಯಾಗೆ? ಅವಳಿಗೆ ನಾನು ಮಾಡಿರೋದು ಸಾಕು. ಅವಳಿರೋವರೆಗೂ ಬಾಯಿ ಬಿಡ್ಬೇಡ." ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದ. "ಇಪ್ಪತ್ತೆರಡು ವರ್ಷಕ್ಕೆ ಅವನು ನಂಗೊಂದು ಮಾತು ಹೇಳಿ ಕಳಿಸ್ದ. ನಿನ್ನ ಕೈಲಿ ಕಳಿಸ್ದ. ಈಗ ಹೋಗು ಈಬೆನ್."

ಅದು ಅವನು ನನ್ನೊಡನೆ ಆಡಿದ ಕೊನೆಯ ಮಾತು. ಆ ಮೇಲೆ ಐದು ವರ್ಷವಾಯಿತು. ಕಾಗದ, ದಾರ ಬೇಕಾದರೆ ಮೇಲಿನ ಬೀದಿಯ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಬೆಲೆ ಹೆಚ್ಚು, ದಾರವೂ ಲಡ್ಡು.

ಎಫಿ ತೀರಿಕೊಂಡಾಗ ಅವಳ ಬಟ್ಟೆಯ ಪೆಟ್ಟಿಗೆಯಲ್ಲಿ ಒಂದು ಕಾಗದ ಸಿಕ್ಕಿತು: ತನ್ನನ್ನು ದಕ್ಷಿಣದಲ್ಲಿ ಮಗಳ ಪಕ್ಕದಲ್ಲಿ ಮಲಗಿಸಬೇಕು ಎಂದು ಬರೆದಿದ್ದಳು. ರೈಲಿನಲ್ಲಿ ಕಳಿಸಿದರು. ಹೀಗಾಗಿ ಗ್ಯಾವಿನ್ ಇಲ್ಲಿ ಒಬ್ಬನೇ ಇದ್ದಾನೆ. ಕ್ಲಬ್ಬಿನವರು ಅವನಿಗೆ ಆಳೆತ್ತರದ ಕಲ್ಲು ನಿಲ್ಲಿಸಿದ್ದಾರೆ. ಕೋಲು ಎತ್ತಿ ನಿಂತ ಹಾಗೆ ಕೆತ್ತಿದ್ದಾರೆ. ಹಿಡಿತ ತಪ್ಪು, ಎಡಗೈ ಹೆಬ್ಬೆರಳು ಅವನು ಹಾಗಿಡುತ್ತಿರಲಿಲ್ಲ.

ಬೇಸಿಗೆಯಲ್ಲಿ ಪರವೂರಿನವರು ಕಲ್ಲು ನೋಡಲು ಹೋದಾಗ ವಾಟಿ ಅಲ್ಲಿ ಹುಲ್ಲು ಕೊಯ್ಯುತ್ತಿರುತ್ತಾನಂತೆ. ಯಾರೂ ಹೇಳಿದ ಕೆಲಸವಲ್ಲ. ಆಮೇಲೆ ಆ ಜನ ಪೋಸ್ಟ್‌ಕಾರ್ಡಿಗೆ ನನ್ನಲ್ಲಿಗೆ ಬಂದಾಗ ಹೇಳುತ್ತಾರೆ. ಮೊದಲೆಲ್ಲ ಬಯಲಿನಲ್ಲಿ ಯಾರಾದರೂ "ಟಾಶ್ ನಿಮಗೆ ಪರಿಚಯವಾ?" ಎಂದು ಕೇಳಿದರೆ ವಾಟಿ "ಅವರು ಮೇಲಿನೋರು, ನಾನು ಕುಳಿ ಕೊರೆಯೋನು," ಎಂದು ಗಾಡಿ ತಳ್ಳಿಕೊಂಡು ಹೋಗಿಬಿಡುತ್ತಿದ್ದ.

ಹೋದ ವಾರ ಬಂದ ಒಬ್ಬ ಹೆಂಗಸು ಕಾರ್ಡು ಆರಿಸುತ್ತ ಅಂದಳು, "ಸಮಾಧಿ ಹತ್ರ ಒಬ್ರು ವಯಸ್ಸಾದೋರು ಸಿಕ್ಕಿದ್ರು. ಟಾಶ್ ಅವರ ಸ್ನೇಹಿತರಂತೆ."

"ಅವರೇ ಹಾಗಂದ್ರಾ?"

"ಹೂಂ. ನಾನು ಕೇಳ್ಲೇ ಇಲ್ಲ. ಅವರಾಗೇ ಹೇಳಿದ್ರು."